ಕೆರೆಯ ದಡದಲ್ಲಿ ಇತಿಹಾಸ ಪಾಠ: ಸೊಲ್ಲಾಪುರ, ಅಕ್ಕಲಕೋಟೆ ಪರಿಸರದ ಕೆರೆಗಳು ಮತ್ತು ಉದ್ಯಾನಗಳು

ಪ್ರಸ್ತಾವನೆ

ಸೊಲ್ಲಾಪುರ ಜಿಲ್ಲೆಯು ಮಳೆನೆರಳಿನ ಪ್ರದೇಶದಲ್ಲಿದೆ. ಇಲ್ಲಿ ಮಳೆ ಕಡಿಮೆ, ಅದೂ ಹೊತ್ತಿಗೆ ಸರಿಯಾಗಿ ಬರುವ ಭರವಸೆಯಿಲ್ಲ. ಇಂತಹ ನೆಲದಲ್ಲಿ ಊರು ಬೆಳೆಯಬೇಕಾದರೆ ಮೊದಲು ನೀರು ನಿಲ್ಲಬೇಕು. ಆದುದರಿಂದ ಈ ಭಾಗದ ಕೆರೆಗಳ ಇತಿಹಾಸವು ಊರುಗಳ ಇತಿಹಾಸವೇ ಆಗಿದೆ. ಆದರೆ ತರಗತಿಯಲ್ಲಿ ಇತಿಹಾಸವೆಂದರೆ ದೂರದ ರಾಜಧಾನಿಗಳ ಕಥೆ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿರುತ್ತದೆ. ಪ್ರತಿದಿನ ಶಾಲೆಗೆ ಬರುವ ದಾರಿಯಲ್ಲಿ ಕಾಣುವ ಕೆರೆಯ ಏರಿಯು ಇತಿಹಾಸದ ದಾಖಲೆಯೆಂದು ಅವರಿಗೆ ತೋಚುವುದಿಲ್ಲ.

ಕನ್ನಡ ಮಾಧ್ಯಮದ ಮಗುವಿಗೆ ಈ ಪಾಠದಿಂದ ಇನ್ನೊಂದು ಲಾಭವೂ ಇದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಪೇಟೆಯಲ್ಲಿ ತೆಲುಗು, ಉರ್ದು, ಹಿಂದಿ ಕೇಳುತ್ತ ಬೆಳೆಯುವ ಮಗುವು ತನ್ನ ಶಾಲೆಯ ಭಾಷೆ ಈ ನೆಲಕ್ಕೆ ಹೊರಗಿನದೆಂದು ತಿಳಿಯುವ ಸಂಭವವಿದೆ. ಸೊಲ್ಲಾಪುರದ ನಡುಮಧ್ಯದ ಕೆರೆಯೊಂದು ಕನ್ನಡದ ಹಳೆಯ ಕಾವ್ಯದಲ್ಲಿ ವರ್ಣಿತವಾಗಿದೆ ಎಂಬುದನ್ನು ಅರಿತಾಗ ಆ ಭಾವನೆ ತಾನಾಗಿಯೇ ಸಡಿಲವಾಗುತ್ತದೆ. ಹಾಗೆಂದು ಕೆರೆ ಒಂದೇ ಭಾಷೆಯವರದೆಂದು ಹೇಳುವುದು ಈ ಪಾಠದ ಉದ್ದೇಶವಲ್ಲ. ಕೆರೆಯ ನೀರನ್ನು ಎಲ್ಲ ಭಾಷೆಯವರೂ ಕುಡಿದಿದ್ದಾರೆ; ಅದರ ಮಣ್ಣನ್ನು ಎಲ್ಲರೂ ಹೊತ್ತಿದ್ದಾರೆ.

ಈ ಲೇಖನವು ಇಯತ್ತೆ ಐದರಿಂದ ಎಂಟರವರೆಗೆ ಪಾಠ ಮಾಡುವ ಶಿಕ್ಷಕರಿಗೆ ಹಿನ್ನೆಲೆಯ ಮಾಹಿತಿಯನ್ನೂ ಬೋಧನೆಯ ಕ್ರಮವನ್ನೂ ಒದಗಿಸುತ್ತದೆ. ಇತಿಹಾಸ, ಪರಿಸರ ಅಭ್ಯಾಸ, ಭಾಷೆ ಮತ್ತು ಗಣಿತ ಈ ನಾಲ್ಕೂ ವಿಷಯಗಳನ್ನು ಜೋಡಿಸಿ ಆರು ತಾಸಿಕೆಗಳಲ್ಲಿ ಇದನ್ನು ಮುಗಿಸಬಹುದು.

ಪಾಠದ ಉದ್ದೇಶಗಳು

1. ತಮ್ಮ ಊರಿನ ಕೆರೆ, ಬಾವಿ, ಉದ್ಯಾನಗಳನ್ನು ಇತಿಹಾಸದ ಸಾಧನಗಳೆಂದು ಮಕ್ಕಳು ಗುರುತಿಸುವುದು.
2. ಶಾಸನ, ಕಾವ್ಯ, ಸ್ಥಳನಾಮ, ಜನರ ಹೇಳಿಕೆ ಇವುಗಳ ನಡುವಣ ಅಂತರವನ್ನು ತಿಳಿಯುವುದು.
3. ಕೆರೆಯನ್ನು ಕಟ್ಟಿಸಿದವರಷ್ಟೇ ಅಲ್ಲ, ಅಗೆದವರು ಮತ್ತು ಕಾಯ್ದವರು ಯಾರೆಂದು ಪ್ರಶ್ನಿಸುವುದು.
4. ಕೆರೆಗೆ ಸಂಬಂಧಿಸಿದ ಕನ್ನಡ ಪದಗಳನ್ನು ಬಳಕೆಗೆ ತಂದುಕೊಳ್ಳುವುದು.

ಇವುಗಳಲ್ಲಿ ಮೂರನೆಯದೇ ಪಾಠದ ಜೀವಾಳ. ಉಳಿದ ಮೂರೂ ಅದಕ್ಕೆ ಪೂರಕವಾಗಿವೆ.

ಸಿದ್ಧೇಶ್ವರ ಕೆರೆ

ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮರ ಕರ್ಮಭೂಮಿ ಸೊನ್ನಲಿಗೆ. ಅದೇ ಇಂದಿನ ಸೊಲ್ಲಾಪುರ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಸಿದ್ಧರಾಮರು ಬಾಲ್ಯದಲ್ಲಿ ದನ ಕಾಯುತ್ತಿದ್ದರು, ಶ್ರೀಶೈಲಕ್ಕೆ ಹೋಗಿ ಮರಳಿ ಬಂದರು, ತಮ್ಮ ಊರನ್ನೇ ಮತ್ತೊಂದು ಶ್ರೀಶೈಲವನ್ನಾಗಿಸಲು ಗುಡಿಗಳನ್ನು ಕಟ್ಟಿಸಿ ಕೆರೆ ತೋಡಿಸಿದರು ಎಂದು ಪರಂಪರೆ ಹೇಳುತ್ತದೆ. ಸುತ್ತಲಿನ ಅರವತ್ತೆಂಟು ಲಿಂಗಗಳ ಸ್ಥಾಪನೆಯೂ ಅವರದೇ ಎಂಬುದು ಊರಿನ ನಂಬಿಕೆ. ಇಂದು ಸಿದ್ಧೇಶ್ವರ ದೇವಾಲಯವು ಕೆರೆಯ ನೀರಿನ ನಡುವೆ ನಿಂತಿದೆ. ಸಿದ್ಧರಾಮರ ಸಮಾಧಿಯೂ ಅಲ್ಲಿಯೇ ಇದೆ. ಕೆರೆಯ ಮಗ್ಗುಲಿನಲ್ಲಿ ಬಹಮನಿಯರ ಕಾಲದ ಭುಯಿಕೋಟ, ಎಂದರೆ ನೆಲಕೋಟೆ. ವಿಜಾಪುರದ ಆದಿಲಶಾಹಿಗಳೂ ಅಹಮದನಗರದ ನಿಜಾಮಶಾಹಿಗಳೂ ಈ ಕೋಟೆಗಾಗಿ ಮತ್ತೆ ಮತ್ತೆ ಕಾದಾಡಿದರು. ಕೋಟೆ ಕೈಯಿಂದ ಕೈಗೆ ಹೋಯಿತು. ಕೆರೆ ಮಾತ್ರ ತನ್ನ ಕೆಲಸವನ್ನು ಮಾಡುತ್ತಲೇ ಇತ್ತು.

ಇಲ್ಲಿ ಶಿಕ್ಷಕರು ಆಧಾರಗಳ ಪ್ರಶ್ನೆಯನ್ನು ಎತ್ತಬೇಕು. ಸಿದ್ಧರಾಮರ ಜೀವನವನ್ನು ವಿಸ್ತಾರವಾಗಿ ಹೇಳುವ ಮುಖ್ಯ ಕೃತಿ ರಾಘವಾಂಕನ ‘ಸಿದ್ಧರಾಮ ಚಾರಿತ್ರ’. ಷಟ್ಪದಿಯಲ್ಲಿರುವ ಈ ಕಾವ್ಯವು ಸಿದ್ಧರಾಮರ ಕಾಲದ ನಂತರ ರಚಿತವಾದುದು. ಭಕ್ತಿಯಿಂದ ಬರೆದ ಕಾವ್ಯವು ಘಟನೆಯನ್ನು ಹೇಳುವ ರೀತಿ ಬೇರೆ, ಸರಕಾರಿ ಕಡತವು ಹೇಳುವ ರೀತಿ ಬೇರೆ. ಕಾವ್ಯದಲ್ಲಿ ಪವಾಡಗಳಿವೆ, ಜೊತೆಗೆ ಕೆರೆ ತೋಡುವುದನ್ನು ಮಹತ್ಕಾರ್ಯವೆಂದು ಎಣಿಸಿದ ಸಮಾಜದ ಮೌಲ್ಯವೂ ಇದೆ. ಪವಾಡವನ್ನು ಹೀಗಳೆಯದೆ, ಕಾವ್ಯವನ್ನು ಕಡತವೆಂದು ಭಾವಿಸದೆ, ಆ ಮೌಲ್ಯವನ್ನು ಎತ್ತಿ ತೋರಿಸುವುದು ಶಿಕ್ಷಕರ ಕೆಲಸ. ಸಾಮ್ರಾಜ್ಯಗಳನ್ನು ಗೆದ್ದವನನ್ನು ಹೊಗಳುವ ಕಾವ್ಯಗಳ ನಡುವೆ ಕೆರೆ ಕಟ್ಟಿಸಿದ ಒಬ್ಬ ಯೋಗಿಯನ್ನು ನಾಯಕನನ್ನಾಗಿ ಮಾಡಿಕೊಂಡ ಕಾವ್ಯವಿದು ಎಂಬುದೇ ಗಮನಾರ್ಹ ಸಂಗತಿ.

ಮಣ್ಣು ಹೊತ್ತ ಕೈಗಳು

ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ‘ಶೂನ್ಯಸಂಪಾದನೆ’ಯಲ್ಲಿ ಇದೇ ಕೆರೆಯ ಕೆಲಸಕ್ಕೆ ಸಂಬಂಧಿಸಿದ ಪ್ರಸಂಗವೊಂದಿದೆ. ಕೆರೆಯ ಕೆಲಸ ಭರದಿಂದ ಸಾಗಿದ್ದಾಗ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬರುತ್ತಾರೆ. ಸಿದ್ಧರಾಮರನ್ನು ‘ಒಡ್ಡ’ನೆಂದು ಕರೆದು, ಅವನೆಲ್ಲಿ ಎಂದು ಕೇಳುತ್ತಾರೆ. ತಮ್ಮ ಗುರುವನ್ನು ಹಾಗೆ ಕರೆದುದಕ್ಕೆ ಕೆಲಸಗಾರರು ಸಿಟ್ಟಾಗಿ ಕಲ್ಲೆಸೆಯುತ್ತಾರೆ. ಸಿದ್ಧರಾಮರೂ ಕೋಪಗೊಂಡು ಬರುತ್ತಾರೆ. ಮುಂದೆ ಇಬ್ಬರ ನಡುವೆ ದೀರ್ಘ ಸಂವಾದ ನಡೆದು, ಸಿದ್ಧರಾಮರು ಅಲ್ಲಮರೊಡನೆ ಕಲ್ಯಾಣಕ್ಕೆ ತೆರಳುತ್ತಾರೆ.

ಅಲ್ಲಮರ ಪ್ರಶ್ನೆಯ ಆಧ್ಯಾತ್ಮಿಕ ಆಶಯವು ಹಿರಿಯ ಇಯತ್ತೆಗಳಿಗೆ ಸೇರಿದುದು: ಹೊರಗಿನ ಕೆರೆ ಕಟ್ಟಿದರೆ ಸಾಕೇ, ಒಳಗನ್ನು ಅರಿಯುವುದು ಬೇಡವೇ ಎಂಬುದು ಅದರ ತಿರುಳು. ಪ್ರಾಥಮಿಕ ಇಯತ್ತೆಗಳಲ್ಲಿ ಬೇರೊಂದು ಪ್ರಶ್ನೆಯೇ ಹೆಚ್ಚು ಫಲಕಾರಿ. ಒಡ್ಡನೆಂಬ ಮಾತು ಕೇಳಿ ಕೆಲಸಗಾರರಿಗೆ ಸಿಟ್ಟೇಕೆ ಬಂತು? ಅವರೇ ಮಣ್ಣು ಅಗೆಯುವವರು, ಅವರೇ ಕಲ್ಲು ಹೊರುವವರು. ತಾವು ಮಾಡುತ್ತಿರುವ ಕೆಲಸದ ಹೆಸರನ್ನೇ ಅವರು ನಿಂದೆಯೆಂದು ಭಾವಿಸಿದರಲ್ಲ?

ಈ ಪ್ರಶ್ನೆಯನ್ನು ಎತ್ತುವಾಗ ವಿಶೇಷ ಎಚ್ಚರ ಬೇಕು. ತರಗತಿಯಲ್ಲಿ ವಡಾರ ಸಮುದಾಯದ ಮಕ್ಕಳಿರಬಹುದು. ಪ್ರಸಂಗದ ಆ ಮಾತನ್ನು ಹಿಡಿದು ಸಹಪಾಠಿಗಳು ಅವರನ್ನು ಹಂಗಿಸಲು ಅವಕಾಶ ಕೊಡಬಾರದು. ಮೊದಲು ಕೆರೆ ಕಟ್ಟುವ ಕೌಶಲದ ಬಗ್ಗೆ ಪಾಠ ನಡೆಯಲಿ. ಇಳಿಜಾರನ್ನು ಕಣ್ಣಳತೆಯಲ್ಲಿ ಅರಿಯುವುದು, ಏರಿಯ ಮಣ್ಣನ್ನು ಪದರಪದರವಾಗಿ ತುಳಿದು ಗಟ್ಟಿ ಮಾಡುವುದು, ನೀರಿನ ಬದಿಗೆ ಕಲ್ಲು ಹೊದಿಸುವುದು, ತೂಬಿನ ಜಾಗವನ್ನು ಆರಿಸುವುದು, ಹೆಚ್ಚಾದ ನೀರು ಏರಿಯನ್ನು ಕೊಚ್ಚದಂತೆ ಕೋಡಿ ಬಿಡುವುದು, ಇವೆಲ್ಲ ಶಾಲೆಯ ಮೆಟ್ಟಿಲು ಹತ್ತದವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ. ಈ ವಿದ್ಯೆಯ ಪರಿಚಯವಾದ ಬಳಿಕವೇ ಅಲ್ಲಮರ ಪ್ರಸಂಗವನ್ನು ಹೇಳಬೇಕು. ಆಗ ಮಕ್ಕಳು ಆ ಮಾತನ್ನು ನಿಂದೆಯಾಗಿ ಕೇಳಿಸಿಕೊಳ್ಳುವುದಿಲ್ಲ.

ಊರಿನ ಹೆಸರು: ಕೇಳಿಕೆ ಮತ್ತು ಶಾಸನ

‘ಸೋಳಾ’ ಎಂದರೆ ಹದಿನಾರು. ಹದಿನಾರು ಹಳ್ಳಿಗಳು ಕೂಡಿ ಸೊಲ್ಲಾಪುರವಾಯಿತು ಎಂಬ ಮಾತು ಜನರಲ್ಲಿ ಪ್ರಚಲಿತವಾಗಿದೆ. ಆದರೆ ಶಾಸನಗಳು ಬೇರೊಂದು ದಾರಿಯನ್ನು ತೋರಿಸುತ್ತವೆ. ಕಲಚುರಿಗಳ ಕಾಲದಲ್ಲಿ ಊರು ಸೊನ್ನಲಿಗೆ ಎಂದು ಕರೆಯಲ್ಪಡುತ್ತಿತ್ತು. ಮೋಹೋಳ ತಾಲೂಕಿನ ಕಾಮತಿಯಲ್ಲಿ ದೊರೆತ ಶಕ 1238ರ ಶಾಸನದಲ್ಲಿ ‘ಸೋನಲಿಪುರ’ ಎಂದಿದೆ. ಸೊಲ್ಲಾಪುರದ ಕೋಟೆಯ ಶಾಸನವೊಂದರಲ್ಲಿ ‘ಸೋನಲಪುರ’ ಎಂದೂ ಕೋಟೆಯೊಳಗಿನ ಬಾವಿಯ ಶಾಸನದಲ್ಲಿ ‘ಸಂದಲಪುರ’ ಎಂದೂ ಹೆಸರು ಬಂದಿದೆ.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕದ ವರ್ಷ ದೊರೆಯುತ್ತದೆಂದು ಹೇಳಿ, 1238ನ್ನು 1316 ಎಂದು ಮಕ್ಕಳಿಂದಲೇ ಲೆಕ್ಕ ಮಾಡಿಸಬಹುದು. ಅನಂತರ ಫಲಕದ ಮೇಲೆ ಸೊನ್ನಲಿಗೆ, ಸೋನಲಿಪುರ, ಸೋನಲಪುರ, ಸೊಲ್ಲಾಪುರ ಎಂದು ಒಂದರ ಕೆಳಗೊಂದು ಬರೆದು, ಯಾವ ಅಕ್ಷರ ಉಳಿಯಿತು, ಯಾವುದು ಸವೆಯಿತು ಎಂದು ಕೇಳಬೇಕು. ಬಾವಿಯ ಕಲ್ಲೊಂದು ಊರಿನ ಹೆಸರಿನ ಚರಿತ್ರೆಗೆ ಸಾಕ್ಷಿಯಾಗಿದೆ ಎಂಬುದನ್ನು ಮಕ್ಕಳು ಮರೆಯಲಾರರು. ಹದಿನಾರು ಹಳ್ಳಿಗಳ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವ ಅಗತ್ಯವಿಲ್ಲ. ಜನರು ತಮ್ಮ ಊರಿನ ಹೆಸರಿಗೆ ಅರ್ಥ ಹುಡುಕುವ ಬಗೆಗೆ ಅದು ನಿದರ್ಶನವಾಗಲಿ.

ಏಕರುಖ: ಆಡಳಿತದ ಕೆರೆ

ಸಿದ್ಧೇಶ್ವರ ಕೆರೆಯಿಂದ ಏಳು ಶತಮಾನ ಮುಂದೆ ಬಂದರೆ ಬ್ರಿಟಿಷ್ ಆಡಳಿತದ ಕಾಲ. ನಗರದ ಉತ್ತರಕ್ಕೆ ಆದಿಲಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಅಣೆಕಟ್ಟನ್ನು ಕಟ್ಟಿ 1871ರಲ್ಲಿ ಏಕರುಖ ಕೆರೆಯನ್ನು ಪೂರ್ಣಗೊಳಿಸಲಾಯಿತು. ಏರಿಯ ಎತ್ತರ 21 ಮೀಟರಿಗೂ ಮಿಗಿಲು, ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಹೊಲಗಳಿಗೆ ನೀರುಣಿಸಲು ಕಾಲುವೆಗಳನ್ನು ತೋಡಲಾಯಿತು. ಮುಂದೆ ನಗರದ ಕುಡಿಯುವ ನೀರಿಗೂ ಇದೇ ಆಸರೆಯಾಯಿತು. ರೈಲು ಬಂದು, ಹತ್ತಿಯ ಗಿರಣಿಗಳು ಎದ್ದು, ಕೂಲಿಗಾರರೂ ನೇಕಾರರೂ ನಾನಾ ಕಡೆಗಳಿಂದ ಬಂದು ನೆಲೆಸಿ ನಗರ ಬೆಳೆದ ಕಾಲವದು. ಕೆರೆ ಪೂರ್ಣಗೊಂಡ ಐದು ವರ್ಷಗಳಲ್ಲೇ ದಖ್ಖನವು 1876–78ರ ಭೀಕರ ಬರಕ್ಕೆ ತುತ್ತಾಯಿತೆಂಬುದನ್ನೂ ಕಾಲರೇಖೆಯಲ್ಲಿ ತೋರಿಸಬೇಕು.

ಎರಡು ಕೆರೆಗಳ ಹೋಲಿಕೆಯು ಉತ್ತಮ ಚರ್ಚೆಗೆ ಎಡೆ ಕೊಡುತ್ತದೆ. ಒಂದರ ಬಗ್ಗೆ ಕಾವ್ಯವಿದೆ, ಅಳತೆಯಿಲ್ಲ. ಇನ್ನೊಂದರ ಬಗ್ಗೆ ಉದ್ದ, ಎತ್ತರ, ವರ್ಷ ಎಲ್ಲವೂ ದಾಖಲಾಗಿವೆ, ಕಾವ್ಯವಿಲ್ಲ. ಆದರೆ ಎರಡರಲ್ಲೂ ಮಣ್ಣು ಹೊತ್ತವರ ಹೆಸರುಗಳ ಪಟ್ಟಿ ನಮ್ಮ ಕೈಗೆ ಬಂದಿಲ್ಲ. ಹೆಸರಿನ ವಿಷಯವೂ ಕುತೂಹಲಕರ. ಕಾಗದಪತ್ರಗಳಲ್ಲಿ ಇದು ಏಕರುಖ; ಸುತ್ತಲಿನ ಜನರ ಬಾಯಲ್ಲಿ ಹಿಪ್ಪರಗೆಯ ಕೆರೆ. ಕಚೇರಿಯ ಹೆಸರೂ ಜನರ ಹೆಸರೂ ಬೇರೆಬೇರೆಯಾಗಿರುವ ಸ್ಥಳಗಳು ತಮ್ಮ ಊರಿನಲ್ಲಿ ಯಾವುವೆಂದು ಮಕ್ಕಳು ಪಟ್ಟಿ ಮಾಡಲಿ.

1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಬಳಿಕ ಸೊಲ್ಲಾಪುರವು ಭೀಮಾ ನದಿಯ ನೀರನ್ನು ಹೆಚ್ಚಾಗಿ ಅವಲಂಬಿಸಿದೆ. ನಲ್ಲಿಯ ನೀರು ದೂರದಿಂದ ಬರತೊಡಗಿದಂತೆ ಹತ್ತಿರದ ಕೆರೆಯ ಮೇಲಿನ ಲಕ್ಷ್ಯ ಕಡಿಮೆಯಾಗುವುದು ಎಲ್ಲ ನಗರಗಳ ಅನುಭವ. ಕೆರೆ ಕುಡಿಯುವ ನೀರಿನದಾಗಿದ್ದಾಗ ಅದನ್ನು ಕಾಯುವುದು ಪ್ರತಿಯೊಬ್ಬರ ಅಗತ್ಯವಾಗಿತ್ತು; ನೋಡುವ ಕೆರೆಯಾದಾಗ ಆ ಅಗತ್ಯ ತಪ್ಪಿಹೋಯಿತು.

ಬಡಾವಣೆಗಳ ನಡುವಣ ಕೆರೆ, ಉದ್ಯಾನಗಳು

ವಿಜಾಪುರ ರಸ್ತೆಯ ಕಂಬರ ತಲಾವಕ್ಕೆ ಈಗ ಧರ್ಮವೀರ ಸಂಭಾಜಿ ತಲಾವ ಎಂಬ ಹೆಸರಿದೆ. ಹಿಂದೆ ಊರಾಚೆಗಿದ್ದ ಈ ಕೆರೆಯ ಸುತ್ತ ಇಂದು ಬಡಾವಣೆಗಳು ಬೆಳೆದಿವೆ. ಹಳೆಯ ಹೆಸರನ್ನು ಕೇಳಿದೊಡನೆ ಕನ್ನಡದ ಮಕ್ಕಳು ‘ಕಂಬಾರ’ ಎಂಬ ಪದವನ್ನು ನೆನೆಯುವುದು ಸಹಜ. ಆದರೆ ಸದ್ದಿನ ಹೋಲಿಕೆ ಸಾಕ್ಷ್ಯವಲ್ಲ. ಹದಿನಾರು ಹಳ್ಳಿಗಳ ಕಥೆ ಹುಟ್ಟಿದ್ದೂ ಇಂತಹ ಹೋಲಿಕೆಯಿಂದಲೇ ಎಂದು ಜ್ಞಾಪಿಸಿ, ಖಚಿತವಾಗಿ ಹೇಳಲು ಇನ್ನೇನು ಆಧಾರ ಬೇಕೆಂದು ಕೇಳಬೇಕು.

ಬಡಾವಣೆಯ ಕೆರೆಗೆ ಬರುವ ಕಷ್ಟಗಳನ್ನು ಮಕ್ಕಳು ಕಣ್ಣಾರೆ ಕಾಣಬಲ್ಲರು. ಮಳೆನೀರು ಹರಿದುಬರುವ ಹಾದಿಯಲ್ಲಿ ಮನೆ, ರಸ್ತೆಗಳು ಎದ್ದರೆ ಒಳಹರಿವು ನಿಲ್ಲುತ್ತದೆ. ಚರಂಡಿಯ ನೀರು ಸೇರಿದರೆ ಅದರಲ್ಲಿನ ಪೋಷಕಾಂಶಗಳಿಂದ ಜಲಪರ್ಣಿ ಹಬ್ಬಿ ನೀರಿನ ಮೈಯನ್ನು ಮುಚ್ಚುತ್ತದೆ. ಕೆಳಗಿನ ನೀರಿಗೆ ಬೆಳಕೂ ಗಾಳಿಯೂ ಸಾಲದೆ ಮೀನುಗಳು ಸಾಯುತ್ತವೆ. ಹೂಳು ತುಂಬಿದಂತೆ ಕೆರೆ ಹಿಡಿಯುವ ನೀರು ವರ್ಷವರ್ಷಕ್ಕೂ ಕಡಿಮೆಯಾಗುತ್ತದೆ. ಪರಿಸರ ಅಭ್ಯಾಸದ ಪಾಠಗಳು ಇಲ್ಲಿ ಇತಿಹಾಸದೊಡನೆ ಸೇರುತ್ತವೆ.

ಉದ್ಯಾನಗಳ ಹೆಸರುಗಳೂ ಓದತಕ್ಕವು. ಭುಯಿಕೋಟದ ಬಳಿಯ ಹುತಾತ್ಮಾ ಬಾಗಿನ ಹೆಸರು 1930ರ ಸೊಲ್ಲಾಪುರದ ಹೋರಾಟವನ್ನು ನೆನಪಿಸುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ತಿಳಿದು ನಗರ ಭುಗಿಲೆದ್ದಿತು. ಸರಕಾರ ಲಷ್ಕರಿ ಕಾಯಿದೆಯನ್ನು ಹೇರಿತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ ಸಾರಡಾ, ಅಬ್ದುಲ್ ರಸೂಲ್ ಕುರ್ಬಾನ ಹುಸೇನ ಈ ನಾಲ್ವರನ್ನು 1931ರ ಜನವರಿ 12ರಂದು ಯೆರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ನಾಲ್ಕು ಹೆಸರುಗಳನ್ನು ಫಲಕದ ಮೇಲೆ ಬರೆದರೆ ಸಾಕು, ಈ ನಗರವು ಎಷ್ಟು ಸಮುದಾಯಗಳದೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಯಾತ್ರೆಗೆ ಏಳು ನಂದಿಧ್ವಜಗಳು ಸಜ್ಜಾಗುವ ಹೊತ್ತಿಗೇ ಈ ದಿನವೂ ಬರುತ್ತದೆ. ಹತ್ತಿರದ ಪಾರ್ಕ್ ಚೌಕವೆಂಬ ಹೆಸರಿನಲ್ಲಿರುವ ಪಾರ್ಕ್ ಯಾವುದು ಎಂಬುದನ್ನು ಹಿರಿಯರಿಂದ ಕೇಳಿ ತಿಳಿಯುವ ಕೆಲಸವನ್ನು ಮಕ್ಕಳಿಗೆ ಕೊಡಬಹುದು.

ಅಕ್ಕಲಕೋಟೆಯ ಕಡೆಗೆ

ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನದ ರಾಜಧಾನಿ. ಸ್ವಾಮಿ ಸಮರ್ಥರ ಕ್ಷೇತ್ರವೆಂದೂ ಪ್ರಸಿದ್ಧ. ಸ್ವಾತಂತ್ರ್ಯಾನಂತರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಲ್ಲಿಯ ಹತ್ತೀ ತಲಾವದ ಹೆಸರು ಭಾಷೆಯ ಪಾಠಕ್ಕೆ ಸೊಗಸಾದ ಸಾಮಗ್ರಿ. ಮರಾಠಿಯ ‘ಹತ್ತೀ’ ಆನೆ. ಕನ್ನಡದ ‘ಹತ್ತಿ’ ಬಟ್ಟೆಯಾಗುವ ಬೆಳೆ. ಒಂದೇ ಸದ್ದು ಎರಡು ಮನೆಗಳಲ್ಲಿ ಎರಡು ಚಿತ್ರಗಳನ್ನು ಮೂಡಿಸುತ್ತದೆ. ಎರಡೂ ಭಾಷೆ ಬಲ್ಲ ಮಗುವಿಗೆ ಎರಡೂ ಚಿತ್ರಗಳು ದೊರೆಯುತ್ತವೆ. ಅದು ಲಾಭವೇ ಹೊರತು ಗೊಂದಲವಲ್ಲ.

ಅಕ್ಕಲಕೋಟೆ ತಾಲೂಕಿನ ನೀರಿನ ಮುಖ್ಯ ಆಸರೆ ಭೀಮೆಯ ಉಪನದಿಯಾದ ಬೋರಿ ಮತ್ತು ಅದಕ್ಕೆ ಕಟ್ಟಿದ ಕುರನೂರು ಅಣೆಕಟ್ಟು. ಉಜನಿಯ ನೀರನ್ನು ಏಕರುಖ ಕೆರೆಗೆ ತಂದು, ಅಲ್ಲಿಂದ ಎತ್ತಿ ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಒಣಭೂಮಿಗೆ ಹರಿಸುವುದು ಏಕರುಖ ಏತ ನೀರಾವರಿ ಯೋಜನೆಯ ಗುರಿ. 1871ರ ಕೆರೆಯೊಂದು ಇಂದಿಗೂ ಎರಡು ತಾಲೂಕುಗಳ ರೈತರ ನಿರೀಕ್ಷೆಯ ನಡುವೆ ನಿಂತಿದೆ. ಇತಿಹಾಸವೆಂದರೆ ಮುಗಿದುಹೋದ ಸಂಗತಿಯಲ್ಲ ಎಂದು ತಿಳಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ತರಗತಿಯ ಉಪಕ್ರಮಗಳು

*ಒಂದು: ಕೆರೆಯ ನಕಾಶೆ.* ಶಾಲೆಗೆ ಹತ್ತಿರದ ಕೆರೆ, ಕುಂಟೆ ಅಥವಾ ಬಾವಿಯನ್ನು ಆರಿಸಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಾಣದ ಗುರುತಿನಿಂದ ತೋರಿಸುವ ನಕಾಶೆ ಬರೆಸಬೇಕು. ಏರಿ, ತೂಬು, ಕೋಡಿ, ಅಂಗಳ, ಹಳ್ಳ ಎಂಬ ಪದಗಳನ್ನು ನಕಾಶೆಯ ಮೇಲೆಯೇ ಬರೆಸಬೇಕು. ಪಠ್ಯದಲ್ಲಿ ಕಂಠಪಾಠವಾದ ಪದಕ್ಕಿಂತ ಸ್ಥಳದಲ್ಲಿ ಗುರುತಿಸಿದ ಪದ ಹೆಚ್ಚು ಕಾಲ ಉಳಿಯುತ್ತದೆ.

*ಎರಡು: ನಾಲ್ಕು ಭಾಷೆಗಳ ಕೋಷ್ಟಕ.* ಕನ್ನಡದ ಕೆರೆ, ಮರಾಠಿಯ ತಳೆ ಅಥವಾ ತಲಾವ, ತೆಲುಗಿನ ಚೆರುವು, ಉರ್ದುವಿನ ತಾಲಾಬ ಎಂದು ಆರಂಭಿಸಿ, ಬಾವಿ, ಏರಿ, ಹೂಳು, ಕಾಲುವೆ ಮೊದಲಾದ ಪದಗಳನ್ನು ನೆರೆಹೊರೆಯವರಿಂದ ಕೇಳಿ ತುಂಬಿಸಲು ಹೇಳಬೇಕು.

*ಮೂರು: ಮಳೆಯ ಲೆಕ್ಕ.* ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಶಾಲೆಯ ಮಾಳಿಗೆ 100 ಚದರ ಮೀಟರ್ ಇದ್ದು ವರ್ಷದಲ್ಲಿ 500 ಮಿಲಿಮೀಟರ್ ಮಳೆಯಾದರೆ 50,000 ಲೀಟರ್ ನೀರು ಮಾಳಿಗೆಯಿಂದ ಹರಿದುಹೋಗುತ್ತದೆ. ಮಕ್ಕಳು ತಮ್ಮ ಶಾಲೆಯ ಮಾಳಿಗೆಯನ್ನು ಅಳೆದು ಇದೇ ಲೆಕ್ಕವನ್ನು ಮಾಡಲಿ. ಕೊಡವೊಂದಕ್ಕೆ 15 ಲೀಟರ್ ಎಂದು ಹಿಡಿದು ಎಷ್ಟು ಕೊಡಗಳಾದವೆಂದು ಎಣಿಸಲಿ.

*ನಾಲ್ಕು: ಹಿರಿಯರ ಸಂದರ್ಶನ.* ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಅಜ್ಜ ಅಥವಾ ಅಜ್ಜಿಯನ್ನು ಕಂಡು ಮೂರು ಪ್ರಶ್ನೆ ಕೇಳಬೇಕು: ನೀವು ಚಿಕ್ಕವರಿದ್ದಾಗ ನೀರು ಎಲ್ಲಿಂದ ತರುತ್ತಿದ್ದಿರಿ? ತರುವವರು ಯಾರು? ಬರಗಾಲದ ಕೆಲಸದಲ್ಲಿ ಮಣ್ಣು ಹೊತ್ತವರು ನಮ್ಮ ಮನೆಯಲ್ಲಿ ಯಾರಾದರೂ ಇದ್ದರೇ? ಎರಡನೆಯ ಪ್ರಶ್ನೆಗೆ ಬಹುತೇಕ ಹೆಂಗಸರ ಹೆಸರುಗಳೇ ಬರುತ್ತವೆ. ಮೂರನೆಯದಕ್ಕೆ 1972ರ ಬರಗಾಲದ ನೆನಪುಗಳು ಇನ್ನೂ ದೊರೆಯುತ್ತವೆ. ರೋಜಗಾರ ಹಮಿ ಕೆಲಸಗಳಲ್ಲಿ ಹೊತ್ತ ಮಣ್ಣಿನ ಲೆಕ್ಕ ಹೇಳುವವರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.

ಶಿಕ್ಷಕರು ಗಮನಿಸಬೇಕಾದವು

ಕೆರೆಯ ಬಳಿಗೆ ಹೋಗುವ ಮುನ್ನ ಮುಖ್ಯಾಧ್ಯಾಪಕರ ಮತ್ತು ಪಾಲಕರ ಒಪ್ಪಿಗೆ ಪಡೆಯಬೇಕು. ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಕರೆದೊಯ್ದು, ನೀರಿಗೆ ಇಳಿಯದಂತೆ ಪ್ರತಿ ಗುಂಪಿಗೂ ಒಬ್ಬ ಹಿರಿಯರನ್ನು ನೇಮಿಸಬೇಕು. ದೇವಾಲಯ, ಕೋಟೆ, ಯಾತ್ರೆಗಳ ಬಗ್ಗೆ ಮಾತನಾಡುವಾಗ ಎಲ್ಲ ಧರ್ಮದ ಮಕ್ಕಳೂ ಪಾಠದಲ್ಲಿ ತಮ್ಮ ಪಾಲಿದೆಯೆಂದು ಭಾವಿಸುವಂತಿರಬೇಕು. ನಿರ್ಮಾಲ್ಯವನ್ನು ನೀರಿಗೆ ಹಾಕುವ ವಿಷಯ ಬಂದಾಗ ಯಾರ ಆಚರಣೆಯನ್ನೂ ದೂಷಿಸದೆ, ಅದನ್ನು ಗೊಬ್ಬರವಾಗಿಸುವ ಕ್ರಮವನ್ನು ಚರ್ಚಿಸುವುದು ಲೇಸು.

ಸ್ವಾಧ್ಯಾಯ

1. ಸಿದ್ಧೇಶ್ವರ ಕೆರೆ, ಏಕರುಖ ಕೆರೆಗಳ ಬಗ್ಗೆ ನಮಗೆ ಯಾವ ಬಗೆಯ ಆಧಾರಗಳಿವೆ? ಅವು ಹೇಳುವುದೇನು, ಹೇಳದೆ ಬಿಟ್ಟದ್ದೇನು?
2. ಕೆರೆಯ ಕೆಲಸಗಾರರು ಅಲ್ಲಮಪ್ರಭುಗಳ ಮೇಲೆ ಸಿಟ್ಟಾದದ್ದೇಕೆ? ಅವರ ಜಾಗದಲ್ಲಿ ನೀವಿದ್ದರೆ ಏನು ಉತ್ತರಿಸುತ್ತಿದ್ದಿರಿ?
3. ಕೋಡಿಯಿಲ್ಲದ ಕೆರೆಗೆ ಭಾರಿ ಮಳೆಯಲ್ಲಿ ಏನಾಗುತ್ತದೆ? ಚಿತ್ರ ಬರೆದು ವಿವರಿಸಿರಿ.
4. ನಿಮ್ಮ ಊರಿನ ಒಂದು ಉದ್ಯಾನ ಅಥವಾ ಚೌಕದ ಹೆಸರಿನ ಹಿನ್ನೆಲೆಯನ್ನು ಕಂಡುಹಿಡಿದು, ನಿಮಗೆ ಅದನ್ನು ಹೇಳಿದವರು ಯಾರೆಂಬುದನ್ನೂ ಬರೆಯಿರಿ.

ಮೌಲ್ಯಮಾಪನದಲ್ಲಿ ವರ್ಷಗಳ ಕಂಠಪಾಠಕ್ಕಿಂತ ‘ನಿನಗೆ ಹೇಗೆ ತಿಳಿಯಿತು?’ ಎಂಬ ಪ್ರಶ್ನೆಗೆ ಮಗು ಕೊಡುವ ಉತ್ತರಕ್ಕೆ ಹೆಚ್ಚು ಅಂಕ ಮೀಸಲಿಡಬೇಕು. ಮಕ್ಕಳು ಸಂಗ್ರಹಿಸಿದ ಸಂದರ್ಶನಗಳನ್ನು ಒಂದು ವಹಿಯಲ್ಲಿ ಬರೆಸಿ, ಹೇಳಿದವರ ಒಪ್ಪಿಗೆ ಇದ್ದಲ್ಲಿ ಅವರ ಹೆಸರು, ಊರುಗಳೊಂದಿಗೆ ಶಾಲೆಯ ಗ್ರಂಥಾಲಯದಲ್ಲಿ ಇರಿಸಬೇಕು. ಮರುವರ್ಷದ ಮಕ್ಕಳು ಅದಕ್ಕೆ ತಮ್ಮದನ್ನು ಸೇರಿಸಲಿ. ಎರಡು ಕೆರೆಗಳ ದಾಖಲೆಯಲ್ಲಿ ಕಾಣದ ಹೆಸರುಗಳ ಪೈಕಿ ಕೆಲವಾದರೂ ಆ ವಹಿಯಲ್ಲಿ ಕನ್ನಡದಲ್ಲಿ ಉಳಿಯುತ್ತವೆ.